ಊರಲ್ಲಿದ್ದು ದೂರದ ತಂಡಕ್ಕೆ ವೆಬ್ ಡಿಸೈನ್: ಒಪ್ಪಿಕೊಳ್ಳುವ ಮುಂಚೆ ಏನೇನು ಕೇಳಬೇಕು?

ಸಾಗರದವಳು

ಎಲ್ಲರಿಗೂ ನಮಸ್ಕಾರ. ನಾನು ವೆಬ್ ಡಿಸೈನರ್. ಈಗ ಬೆಂಗಳೂರಿನ ಒಂದು ಏಜೆನ್ಸಿಯಲ್ಲಿದ್ದೇನೆ. ಒಂದು ಚಿಕ್ಕ ತಂಡ ಕೆಲಸಕ್ಕೆ ಕರೆದಿದೆ. ಅವರಿಗೆ ಆಫೀಸೇ ಇಲ್ಲ. ಪ್ರಾಡಕ್ಟ್ ನೋಡಿಕೊಳ್ಳುವವರು ಬರ್ಲಿನ್‌ನಲ್ಲಿ, ಇನ್ನೊಬ್ಬ ಡಿಸೈನರ್ ಟೊರಾಂಟೊದಲ್ಲಿ, ಡೆವಲಪರ್‌ಗಳು ಪುಣೆಯಲ್ಲಿ. ಚಿಕ್ಕ ಅಂಗಡಿಗಳಿಗೆ ಆನ್‌ಲೈನ್ ಮಾರಾಟದ ಪುಟ ಕಟ್ಟಿಕೊಡುವ ಸಾಫ್ಟ್‌ವೇರ್ ಅವರದ್ದು. ಮುಂದಿನ ವರ್ಷ ಕನ್ನಡವೂ ಸೇರಿ ಕೆಲವು ಭಾರತೀಯ ಭಾಷೆಗಳಲ್ಲಿ ಕೊಡುವ ಯೋಚನೆ ಇದೆಯಂತೆ.

ಒಪ್ಪಿಕೊಂಡರೆ ಸಾಗರದ ಹತ್ತಿರ ನಮ್ಮ ಹಳ್ಳಿಗೇ ವಾಪಸ್ ಹೋಗಬಹುದು. ಅಪ್ಪನಿಗೆ ಮೊದಲಿನ ಹಾಗೆ ತೋಟ ಸುತ್ತಲು ಆಗುತ್ತಿಲ್ಲ. ಅಡಿಕೆ ಕೊಯ್ಲಿನ ಸಮಯದಲ್ಲಿ ಮನೆಯಲ್ಲಿ ಒಂದು ಜನ ಜಾಸ್ತಿ ಇದ್ದರೆ ಎಷ್ಟೋ ಸಲೀಸು.

ಹೆದರಿಕೆ ಇರುವುದು ನಾಲ್ಕು ಕಡೆ. ಸಮಯ ಹೇಗೆ ಹೊಂದುತ್ತದೆ? ಡಿಸೈನ್ ತೋರಿಸಿ ಚರ್ಚೆ ಮಾಡುವುದು ಹೇಗೆ? ಮಳೆಗಾಲದ ಕರೆಂಟು, ನೆಟ್‌ವರ್ಕ್ ಏನು ಮಾಡುವುದು? ಕಾಂಟ್ರಾಕ್ಟರ್ ಆಗಿ ತೆಗೆದುಕೊಳ್ಳುತ್ತೇವೆ ಅಂದಿದ್ದಾರೆ, ಅದರ ಲೆಕ್ಕ ಹೇಗೆ? ಈ ಥರ ಕೆಲಸ ಮಾಡಿದವರು ಹೇಳಿದರೆ ತುಂಬಾ ಉಪಕಾರ.

ಸ್ಪ್ರೀ_ದಂಡೆ

ನಾನು ಬರ್ಲಿನ್‌ನಲ್ಲಿದ್ದೇನೆ, ಮೂಲ ತುಮಕೂರು. ನಮ್ಮ ತಂಡದಲ್ಲೂ ಇಬ್ಬರು ಭಾರತದಿಂದಲೇ ಕೆಲಸ ಮಾಡುತ್ತಾರೆ. ಸಮಯದ ವಿಷಯ ನಾನು ಹೇಳುತ್ತೇನೆ.

ಬೇಸಿಗೆಯಲ್ಲಿ ಬರ್ಲಿನ್ ನಮ್ಮೂರಿಗಿಂತ ಮೂರೂವರೆ ಗಂಟೆ ಹಿಂದೆ. ಚಳಿಗಾಲದಲ್ಲಿ ನಾಲ್ಕೂವರೆ. ಟೊರಾಂಟೊ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಅಂದರೆ ಟೊರಾಂಟೊದವರು ಬೆಳಿಗ್ಗೆ 9ಕ್ಕೆ ಕೂತಾಗ ನಿಮಗೆ ಸಂಜೆ 6:30, ಚಳಿಗಾಲದಲ್ಲಿ 7:30. ಆಗ ಬರ್ಲಿನ್‌ನಲ್ಲಿ ಮಧ್ಯಾಹ್ನ 3. ಮೂವರೂ ಎಚ್ಚರವಿದ್ದು ಕೆಲಸದಲ್ಲಿರುವುದು ಅದೊಂದೇ ಹೊತ್ತು. ಇದು ರಾತ್ರಿ ಪಾಳಿಯೇನೂ ಅಲ್ಲ, ಆದರೆ ಸಂಜೆ ಹೋಗುತ್ತದೆ.

ಇನ್ನೊಂದು ವಿಷಯ ಮೊದಲೇ ಗೊತ್ತಿರಲಿ. ಅಮೆರಿಕ, ಕೆನಡಾದಲ್ಲಿ ಗಡಿಯಾರ ಮುಂದೆ ಹಾಕುವುದು ಮಾರ್ಚ್‌ನ ಎರಡನೇ ಭಾನುವಾರ. ಯೂರೋಪಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಎಲ್ಲರ ಕ್ಯಾಲೆಂಡರ್ ಕಲಸಿಹೋಗುತ್ತದೆ. ಅಕ್ಟೋಬರ್ ಕೊನೆಯಲ್ಲೂ ಹಾಗೆಯೇ, ಅಲ್ಲಿ ಒಂದು ವಾರ. ಭಾರತದಲ್ಲಿ ಗಡಿಯಾರ ಬದಲಾಗುವುದಿಲ್ಲ ಅನ್ನುವುದು ಇಲ್ಲಿ ಎಷ್ಟೋ ಜನರಿಗೆ ತಿಳಿದೇ ಇಲ್ಲ. ಮೀಟಿಂಗ್ ಯಾವ ಊರಿನ ಸಮಯಕ್ಕೆ ಕಟ್ಟಿದ್ದು ಅಂತ ಕೇಳಿಕೊಳ್ಳಿ.

ಅವರಿಗೆ ನೇರವಾಗಿ ಕೇಳಬೇಕಾದದ್ದು ಇದು: ದಿನಕ್ಕೆ ಎಷ್ಟು ಹೊತ್ತು ನಾನು ಎಲ್ಲರ ಜೊತೆ ಒಟ್ಟಿಗೆ ಇರಬೇಕು? ಎರಡು ಗಂಟೆ ಅಂದರೆ ಒಳ್ಳೆಯ ತಂಡ. ದಿನವಿಡೀ ಅಂದರೆ ಅವರು ಆಫೀಸನ್ನೇ ಸ್ಕ್ರೀನಿಗೆ ತಂದಿದ್ದಾರೆ ಅಷ್ಟೇ. ಅಂಥ ಕಡೆ ನೀವು ಸುಸ್ತಾಗುತ್ತೀರಿ.

ಹನ್ನೆರಡು_ಕಾಲಂ

ಧಾರವಾಡದಿಂದ ಬರೆಯುತ್ತಿದ್ದೇನೆ. ದೂರದ ತಂಡಗಳಲ್ಲೇ ನನ್ನ ಕೆಲಸದ ಬಹುಪಾಲು ಕಳೆದಿದೆ. ನಿಮ್ಮ ಎರಡನೇ ಪ್ರಶ್ನೆ ಬಹಳ ಮುಖ್ಯ ಅಕ್ಕಾ. ಉಳಿದ ಮೂರಕ್ಕೂ ದುಡ್ಡು ಕೊಟ್ಟೋ, ಕೇಳಿಯೋ ದಾರಿ ಮಾಡಿಕೊಳ್ಳಬಹುದು. ಇದಕ್ಕೆ ಮಾತ್ರ ನಾವೇ ಬದಲಾಗಬೇಕು.

ದೂರದ ತಂಡದಲ್ಲಿ ಡಿಸೈನರ್‌ನ ಅರ್ಧ ಕೆಲಸ ಬರೆಯುವುದು. ಆಫೀಸಿನಲ್ಲಿ ಏನಾಗುತ್ತದೆ? ಸ್ಕ್ರೀನ್ ತಿರುಗಿಸಿ ತೋರಿಸುತ್ತೇವೆ. ಅವರ ಮುಖ ನೋಡುತ್ತಾ ವಿವರಿಸುತ್ತೇವೆ. ಹುಬ್ಬು ಗಂಟಿಕ್ಕಿದರೆ ಅಲ್ಲೇ ಇನ್ನೊಂದು ಮಾತು ಸೇರಿಸುತ್ತೇವೆ. ಇಲ್ಲಿ ಅದಿಲ್ಲ. ನೀವು ಮಲಗಿದಾಗ ಟೊರಾಂಟೊದವರು ನಿಮ್ಮ ಫೈಲ್ ತೆಗೆಯುತ್ತಾರೆ. ಆಗ ಅಲ್ಲಿ ಚಂದದ ಫ್ರೇಮ್‌ಗಳು ಮಾತ್ರ ಇದ್ದರೆ ಅವರಿಗೆ ಅನ್ನಿಸುವುದು ಬಣ್ಣದ ಬಗ್ಗೆ, ಬಟನ್ ದುಂಡಗಿದೆಯಾ ಅನ್ನುವ ಬಗ್ಗೆ. ಯಾಕೆ ಹಾಗೆ ಮಾಡಿದಿರಿ ಅನ್ನುವುದು ಕಾಣಿಸುವುದೇ ಇಲ್ಲ. ಕಾಣದಿದ್ದದ್ದನ್ನು ಯಾರೂ ಮೆಚ್ಚಲಾರರು, ಯಾರೂ ತಿದ್ದಲಾರರು.

ನಾನು ಪ್ರತಿ ಕೆಲಸದ ಪಕ್ಕ ಫಿಗ್ಮಾದಲ್ಲೇ (ತಂಡವೆಲ್ಲ ಆನ್‌ಲೈನ್‌ನಲ್ಲಿ ಹಂಚಿಕೊಂಡು ಬಳಸುವ ಡಿಸೈನ್ ಟೂಲ್) ಒಂದು ಚಿಕ್ಕ ಟಿಪ್ಪಣಿ ಇಡುತ್ತೇನೆ. ಉದಾಹರಣೆಗೆ ಒಂದು ಅಂಗಡಿಯ ಚೆಕ್‌ಔಟ್‌ಗೆ ಬರೆಯುವುದಾದರೆ ಹೀಗೆ:

«ವಿಳಾಸ ಮತ್ತು ಪಾವತಿಯನ್ನು ಎರಡು ಪುಟ ಮಾಡಿದ್ದೇನೆ. ಚಿಕ್ಕ ಫೋನಿನಲ್ಲಿ ಕೀಬೋರ್ಡ್ ಮೇಲೆದ್ದಾಗ ಪಾವತಿ ಬಟನ್ ಕಾಣುತ್ತಿರಲಿಲ್ಲ. ಒಂದೇ ಪುಟದಲ್ಲಿ ಮಡಚುವ ಭಾಗಗಳನ್ನೂ ಹಾಕಿ ನೋಡಿದೆ. ವಿಳಾಸದಲ್ಲಿ ತಪ್ಪಿದ್ದರೆ ಆ ಭಾಗ ಮುಚ್ಚಿಕೊಂಡೇ ಇರುತ್ತದೆ, ಜನ ತಪ್ಪು ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ. ಅದಕ್ಕೇ ಬಿಟ್ಟೆ. ನನಗೆ ಬೇಕಾದ ಉತ್ತರ ಒಂದೇ: ಪಿನ್‌ಕೋಡ್ ಹಾಕಿದ ಕೂಡಲೇ ಸಾಗಣೆ ದರ ಬರುತ್ತದಾ? ಪುಣೆ ತಂಡ ಗುರುವಾರದೊಳಗೆ ಹೇಳಿದರೆ ಶುಕ್ರವಾರ ಮುಗಿಸುತ್ತೇನೆ. ಬಣ್ಣ, ಐಕಾನ್ ಇನ್ನೂ ಅಂತಿಮ ಅಲ್ಲ, ಅವುಗಳ ಬಗ್ಗೆ ಈಗ ಬೇಡ.»

ಆ ಕೊನೆಯ ಸಾಲು ಮರೆಯಬೇಡಿ. ಯಾವುದರ ಬಗ್ಗೆ ಅಭಿಪ್ರಾಯ ಬೇಕು, ಯಾವುದರ ಬಗ್ಗೆ ಈಗ ಬೇಡ ಅಂತ ಹೇಳದಿದ್ದರೆ ನಾಲ್ಕು ಜನ ನಾಲ್ಕು ದಿಕ್ಕಿಗೆ ಎಳೆಯುತ್ತಾರೆ. ಅವರು ಹೇಳಿದ್ದನ್ನು ಓದಿ, ಉತ್ತರಿಸಿ, ಮತ್ತೆ ಅವರ ಬೆಳಗಾಗುವ ಹೊತ್ತಿಗೆ ಒಂದು ದಿನ ಹೋಗಿರುತ್ತದೆ.

ಡೆವಲಪರ್‌ಗಳಿಗೆ ಕೊಡುವಾಗ ಪುಟದ ಒಂದೇ ಒಂದು ಸುಂದರ ಸ್ಥಿತಿ ಕೊಟ್ಟರೆ ಸಾಲದು. ಬುಟ್ಟಿ ಖಾಲಿ ಇದ್ದಾಗ, ಲೋಡ್ ಆಗುತ್ತಿರುವಾಗ, ಕಾರ್ಡ್ ತಿರಸ್ಕಾರ ಆದಾಗ, ಚಿತ್ರವೇ ಇಲ್ಲದ ಸರಕಿಗೆ, ಮೂರು ಸಾಲು ಉದ್ದದ ಹೆಸರಿಗೆ, ಮೌಸ್ ಇಲ್ಲದೆ ಕೀಬೋರ್ಡ್‌ನಲ್ಲಿ ಬರುವವರಿಗೆ ಫೋಕಸ್ (ಈಗ ಪುಟದಲ್ಲಿ ಎಲ್ಲಿದ್ದೇವೆ ಅನ್ನುವ ಗುರುತು) ಎಲ್ಲಿ ಕಾಣಬೇಕು ಅನ್ನುವುದಕ್ಕೆ, ಎಲ್ಲದಕ್ಕೂ ಕೊಡಿ. ಆಫೀಸಿನಲ್ಲಿ ಡೆವಲಪರ್ ಕುರ್ಚಿ ಎಳೆದುಕೊಂಡು ಬಂದು ಕೇಳುತ್ತಾರೆ. ಇಲ್ಲಿ ಕೇಳುವ ಬದಲು ಅವರೇ ಏನೋ ಒಂದು ಊಹಿಸಿ ಮುಗಿಸುತ್ತಾರೆ. ಅದು ಅವರ ತಪ್ಪೂ ಅಲ್ಲ.

ಆ ತಂಡವನ್ನು ಅಳೆಯುವುದಕ್ಕೂ ಇದೇ ದಾರಿ. ಹಳೆಯ ಯಾವುದಾದರೂ ಒಂದು ನಿರ್ಧಾರದ ಬರಹ ತೋರಿಸಿ ಅಂತ ಕೇಳಿ. ಇದ್ದರೆ ತೋರಿಸುತ್ತಾರೆ. «ಅದೆಲ್ಲ ಕಾಲ್‌ನಲ್ಲಿ ಮಾತಾಡಿಕೊಳ್ಳುತ್ತೇವೆ» ಅಂದರೆ ಯೋಚಿಸಿ.

ಸಾಗರದವಳು

ಹನ್ನೆರಡು_ಕಾಲಂ ಅಣ್ಣಾ, ತುಂಬಾ ಥ್ಯಾಂಕ್ಸ್. ಓದುತ್ತಾ ಹೋದ ಹಾಗೆ ನನ್ನ ನಿಜವಾದ ಹೆದರಿಕೆ ಏನು ಅಂತ ಗೊತ್ತಾಯಿತು. ಹತ್ತನೇ ಕ್ಲಾಸಿನವರೆಗೆ ನಾನು ಕನ್ನಡ ಮೀಡಿಯಂ. ಇಂಗ್ಲಿಷ್‌ನಲ್ಲಿ ಮಾತಾಡಿ ಹೇಗೋ ನಿಭಾಯಿಸುತ್ತೇನೆ. ಬರೆಯಲು ಕೂತರೆ ಕೈ ಓಡುವುದಿಲ್ಲ. ಬರೆಯುವುದೇ ಅರ್ಧ ಕೆಲಸ ಅಂದರೆ ನನ್ನಂಥವರಿಗೆ ಈ ಕೆಲಸ ಆಗುತ್ತದಾ?

ಮೈಸೂರು_ಮಾರ್ಜಿನ್

ಆಗುತ್ತದೆ, ಖಂಡಿತ ಆಗುತ್ತದೆ. ನಾನೂ ಕನ್ನಡ ಮೀಡಿಯಮ್ಮೇ. ಚಾಮರಾಜನಗರದ ಸರ್ಕಾರಿ ಶಾಲೆ. ನಾನು ಹೇಳುವುದು ಕೇಳಿ: ನಿಮಗೆ ಬರೆಯುವುದು ಮಾತಾಡುವುದಕ್ಕಿಂತ ಸುಲಭ ಆಗುತ್ತದೆ. ಕಾಲ್‌ನಲ್ಲಿ ಇಂಗ್ಲಿಷ್ ಸರಾಗ ಇರುವವರು ಮೊದಲು ಮಾತಾಡಿ ಮುಗಿಸಿಬಿಡುತ್ತಾರೆ. ನಮಗೆ ವಾಕ್ಯ ಹೊಂದಿಸುವಷ್ಟರಲ್ಲಿ ವಿಷಯ ಮುಂದೆ ಹೋಗಿರುತ್ತದೆ. ಬರಹದಲ್ಲಿ ಆ ಅವಸರ ಇಲ್ಲ. ಎರಡು ಸಲ ತಿದ್ದಬಹುದು, ಬೆಳಿಗ್ಗೆ ಎದ್ದು ಇನ್ನೊಮ್ಮೆ ನೋಡಬಹುದು.

ಮೊದಲು ಕನ್ನಡದಲ್ಲೇ ಬರೆದುಕೊಳ್ಳಿ, ನಾನು ಈಗಲೂ ಹಾಗೇ ಮಾಡುತ್ತೇನೆ. ಯಾಕೆ ಹೀಗೆ ಮಾಡಿದೆ ಅನ್ನುವುದು ನನ್ನ ತಲೆಯಲ್ಲಿ ಸ್ಪಷ್ಟ ಆಗುವುದು ಕನ್ನಡದಲ್ಲೇ. ಅದು ತಿಳಿಯಾದ ಮೇಲೆ ಇಂಗ್ಲಿಷ್ ವಾಕ್ಯ ಚಿಕ್ಕದಾಗಿ ಬರುತ್ತದೆ. ಜರ್ಮನಿ, ಪೋರ್ಚುಗಲ್ ಕಡೆಯವರಿಗೂ ಇಂಗ್ಲಿಷ್ ಎರಡನೇ ಭಾಷೆ. ಅವರಿಗೆ ಬೇಕಿರುವುದು ಚಿಕ್ಕ ವಾಕ್ಯವೇ. ಸ್ಕ್ರೀನ್‌ಶಾಟ್ ಮೇಲೆ 1, 2, 3 ಅಂತ ಗುರುತು ಹಾಕಿ, ಒಂದೊಂದಕ್ಕೆ ಒಂದೊಂದು ಸಾಲು. ತೋರಿಸಿಯೇ ಹೇಳಬೇಕಾದ ಅನಿಮೇಶನ್ ಥರದ್ದಕ್ಕೆ ಮಾತ್ರ ಎರಡು ನಿಮಿಷದ ಸ್ಕ್ರೀನ್ ರೆಕಾರ್ಡಿಂಗ್. ಎಲ್ಲಕ್ಕೂ ವಿಡಿಯೋ ಮಾಡಿ ಹಾಕಬೇಡಿ, ಆಮೇಲೆ ಅದರೊಳಗೆ ಏನನ್ನೂ ಹುಡುಕಲು ಆಗುವುದಿಲ್ಲ.

ಕಪ್ಪುಬಿಳುಪು

ಎಲ್ಲರೂ ಒಳ್ಳೆಯದನ್ನೇ ಹೇಳುತ್ತಿದ್ದೀರಿ. ನನಗೆ ಒಂದು ಭಿನ್ನ ಅಭಿಪ್ರಾಯ ಇದೆ. ಸಾಗರದವರಿಗೆ ಅನುಭವ ಇದೆ, ಸರಿ. ಆದರೆ ಈ ಚರ್ಚೆ ಓದುವ ಹೊಸಬರು ತುಂಬಾ ಜನ ಇರುತ್ತಾರೆ. ಕಾಲೇಜು ಮುಗಿಸಿ ನೇರವಾಗಿ ದೂರದ ತಂಡಕ್ಕೆ ಸೇರಬೇಡಿ. ಮೊದಲ ಎರಡು ವರ್ಷ ಯಾರದ್ದಾದರೂ ಪಕ್ಕದಲ್ಲಿ ಕೂತು ಕಲಿಯಬೇಕು. ಹಿರಿಯರು ಒಂದು ಪುಟವನ್ನು ಹೇಗೆ ಕೆಡವಿ ಮತ್ತೆ ಕಟ್ಟುತ್ತಾರೆ ಅನ್ನುವುದು ನೋಡಿಯೇ ಬರುವ ವಿದ್ಯೆ. ಕಾಮೆಂಟ್ ಓದಿ ಬರುವುದಿಲ್ಲ.

ಹನ್ನೆರಡು_ಕಾಲಂ

ಕಪ್ಪುಬಿಳುಪು ಸರ್, ನೀವು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಹಿರಿಯರೇ ಇಲ್ಲದ ತಂಡಕ್ಕೆ ಹೊಸಬರು ಹೋಗಬಾರದು. ಆದರೆ ಅದು ಆಫೀಸಿಗೂ ಅನ್ವಯ. ಬೆಂಗಳೂರಿನಲ್ಲಿ ಬಾಡಿಗೆ, ಪಿಜಿ ಖರ್ಚು ಭರಿಸಲು ಆಗದ ಬೀದರಿನ, ರಾಯಚೂರಿನ ಹುಡುಗ ಹುಡುಗಿಯರಿಗೆ «ಮೊದಲು ಎರಡು ವರ್ಷ ಆಫೀಸು» ಅಂದರೆ ಬಾಗಿಲು ಹಾಕಿದ ಹಾಗೆ.

ನೋಡಿ ಕಲಿಯುವುದಕ್ಕೂ ಈಗ ಬೇರೆ ದಾರಿಗಳಿವೆ. ವೆಬ್‌ಸೈಟ್ ಕಟ್ಟುವ ಮುಕ್ತ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ತಗೊಳ್ಳಿ. ಅದರ ಗುಟೆನ್‌ಬರ್ಗ್ ಎಡಿಟರ್, 2018ರ ಡಿಸೆಂಬರ್‌ನಲ್ಲಿ 5.0 ಆವೃತ್ತಿಯ ಜೊತೆ ಬಂತಲ್ಲ, ಅದರ ಚರ್ಚೆಯೆಲ್ಲ ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ತೆರೆದೇ ಇದೆ. ಡಿಸೈನ್ ಅಭಿಪ್ರಾಯ ಬೇಕು ಅನ್ನುವ ಲೇಬಲ್ ಹಾಕಿದ ವಿಷಯಗಳು ಅಲ್ಲಿ ಸಿಗುತ್ತವೆ. ಒಬ್ಬರು ಒಂದು ಬಟನ್ ಎಲ್ಲಿರಬೇಕು ಅಂತ ಬರೆಯುತ್ತಾರೆ, ಇನ್ನೊಬ್ಬರು ಯಾಕೆ ಬೇಡ ಅಂತ ಚಿತ್ರ ಹಾಕಿ ಉತ್ತರಿಸುತ್ತಾರೆ. ವರ್ಡ್‌ಪ್ರೆಸ್ ಡಾಟ್ ಕಾಮ್ ನಡೆಸುವ ಆಟೊಮ್ಯಾಟಿಕ್ ಶುರುವಿಂದಲೂ ದೂರದ ತಂಡವೇ. ಜನ ಬರುತ್ತಿಲ್ಲ ಅಂತ 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಆಫೀಸನ್ನೇ ಬಿಟ್ಟುಕೊಟ್ಟರು. ಇನ್ನೊಂದು ದೂರದ ತಂಡವಾದ ಗಿಟ್‌ಲ್ಯಾಬ್ ಕಂಪನಿ ತನ್ನ ಕೆಲಸದ ಕೈಪಿಡಿಯನ್ನೇ ಯಾರು ಬೇಕಾದರೂ ಓದುವ ಹಾಗೆ ಇಟ್ಟಿದೆ. ಹಿರಿಯರು ಹೇಗೆ ವಾದ ಮಾಡುತ್ತಾರೆ, ಹೇಗೆ ಸೋಲೊಪ್ಪುತ್ತಾರೆ ಅನ್ನುವುದನ್ನು ಇಷ್ಟು ಹತ್ತಿರದಿಂದ ನನ್ನ ಮೊದಲ ಆಫೀಸಿನಲ್ಲಿ ನಾನು ನೋಡಿರಲಿಲ್ಲ.

ಕಪ್ಪುಬಿಳುಪು

ಬೀದರಿನ ಮಾತು ಸರಿ. ಅದನ್ನು ನಾನು ಆ ಕಡೆಯಿಂದ ನೋಡಿರಲಿಲ್ಲ. ಆದರೂ ಹೊಸಬರಿಗೆ ವಾರಕ್ಕೆ ಒಂದು ಗಂಟೆಯಾದರೂ ಒಬ್ಬ ಹಿರಿಯರ ಜೊತೆ ಸ್ಕ್ರೀನ್ ಹಂಚಿಕೊಂಡು ಕೆಲಸ ಮಾಡುವ ಅವಕಾಶ ಇದೆಯಾ ಅಂತ ಕೇಳಿಯೇ ಸೇರಿ. ಇಲ್ಲ ಅಂದರೆ ಬೇಡ.

ಮಲೆನಾಡ_ಮಳೆ

ಶಿರಸಿ ಸೀಮೆಯವನು ನಾನು. ಕರೆಂಟು, ನೆಟ್ ವಿಷಯ ನಾನು ಹೇಳುತ್ತೇನೆ.

ಮನೆಗೆ ಹೋಗುವ ಮುಂಚೆ ಮಳೆಗಾಲದಲ್ಲಿ ಒಂದು ವಾರ ಅಲ್ಲಿ ಕೂತು ಕೆಲಸ ಮಾಡಿ ನೋಡಿ. ಜನವರಿಯಲ್ಲಿ ನೋಡಿದರೆ ಎಲ್ಲ ಚೆನ್ನಾಗೇ ಇರುತ್ತದೆ. ಜುಲೈಯಲ್ಲಿ ಮರ ಬಿದ್ದು ಲೈನ್ ಹರಿದರೆ ಕರೆಂಟು, ಫೈಬರ್ ಎರಡೂ ಒಟ್ಟಿಗೆ ಹೋಗುತ್ತವೆ, ಎರಡೂ ಅದೇ ಕಂಬದ ಮೇಲೆ ಬರುವುದರಿಂದ. ಅದಕ್ಕೇ ಎರಡನೇ ಲೈನ್ ಫೈಬರ್ ಆಗಿದ್ದರೆ ಪ್ರಯೋಜನ ಇಲ್ಲ. ಬೇರೆ ಕಂಪನಿಯ ಮೊಬೈಲ್ ಸಿಮ್ ಇರಲಿ. ಮನೆಯ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆ ನೋಡಿ, ಅಲ್ಲೇ ಟೇಬಲ್ ಹಾಕಿ.

ರೂಟರಿಗೆ ಪ್ರತ್ಯೇಕ ಚಿಕ್ಕ ಯುಪಿಎಸ್ ಸಿಗುತ್ತದೆ, 12 ವೋಲ್ಟ್‌ನದು. ಇನ್ವರ್ಟರ್ ಇದ್ದರೂ ಇದನ್ನು ಹಾಕಿ. ಕರೆಂಟು ಹೋಗಿ ಇನ್ವರ್ಟರಿಗೆ ಬದಲಾಗುವ ಆ ಕ್ಷಣದಲ್ಲಿ ಕೆಲವು ರೂಟರ್ ಆಫ್ ಆಗಿ ಮತ್ತೆ ಶುರುವಾಗಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತವೆ. ಕಾಲ್ ಮಧ್ಯೆ ಅದು ಆದರೆ ಕಷ್ಟ. ಗುಡುಗು ಶುರುವಾದರೆ ಫೋನ್ ಬ್ಯಾಟರಿ, ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಬಂದು ಪ್ಲಗ್ ಎಲ್ಲ ತೆಗೆಯಿರಿ.

ಫಿಗ್ಮಾ ಬಗ್ಗೆ ಒಂದು ವಿಷಯ. ಫೈಲ್ ಮೊದಲೇ ತೆರೆದಿದ್ದರೆ ನೆಟ್ ಹೋದಮೇಲೂ ಕೆಲಸ ಮಾಡಬಹುದು, ವಾಪಸ್ ಬಂದಾಗ ತಾನೇ ಸೇವ್ ಆಗುತ್ತದೆ. ಹೊಸ ಫೈಲ್ ತೆರೆಯಲು ಮಾತ್ರ ಆಗುವುದಿಲ್ಲ. ಹಾಗಾಗಿ ಮೋಡ ಕಟ್ಟಿದ ದಿನ ಬೇಕಾದ ಫೈಲೆಲ್ಲ ಬೆಳಿಗ್ಗೆಯೇ ತೆಗೆದಿಟ್ಟುಕೊಳ್ಳುವುದು ನನ್ನ ರೂಢಿ. ಮತ್ತೆ ಹನ್ನೆರಡು_ಕಾಲಂ ಹೇಳಿದ್ದು ಇಲ್ಲೂ ಕೆಲಸಕ್ಕೆ ಬರುತ್ತದೆ. ಬರೆದು ಇಡುವ ತಂಡದಲ್ಲಿ ನಾನು ಅರ್ಧ ದಿನ ಕಾಣದಿದ್ದರೂ ಯಾರ ಕೆಲಸವೂ ನಿಲ್ಲುವುದಿಲ್ಲ. ಕಾಲ್ ಮೇಲೇ ನಡೆಯುವ ತಂಡದಲ್ಲಿ ಮಲೆನಾಡಿನವರು ಮಳೆಗಾಲ ಪೂರ್ತಿ ಕ್ಷಮೆ ಕೇಳುತ್ತಾ ಇರಬೇಕಾಗುತ್ತದೆ.

ಕರಾವಳಿ_ಕ್ಯಾನ್‌ವಾಸ್

ಉಡುಪಿಯಿಂದ. ಯಾರೂ ಹೇಳಲಿಲ್ಲ, ಅದಕ್ಕೇ ನಾನು ಹೇಳುತ್ತೇನೆ. ಊರಲ್ಲಿ ಹೆಣ್ಣುಮಕ್ಕಳು ಮನೆಯಿಂದ ಕೆಲಸ ಮಾಡುವುದನ್ನು ಜನ ಕೆಲಸ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ. «ಮನೆಯಲ್ಲೇ ಇದ್ದೀಯಲ್ಲ, ಬ್ಯಾಂಕಿಗೆ ಹೋಗಿ ಬಾ», «ಅತ್ತೆ ಬಂದಿದ್ದಾರೆ, ಚಹಾ ಮಾಡು» ದಿನಾ ಇದ್ದದ್ದೇ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಕೆಲಸ ಮುರಿದು ಹೋಗುತ್ತದೆ. ಮೊದಲ ವಾರದಲ್ಲೇ ಅಪ್ಪ ಅಮ್ಮನ ಹತ್ತಿರ ಕೂತು ಮಾತಾಡಿ. ಇಷ್ಟು ಗಂಟೆಯಿಂದ ಇಷ್ಟು ಗಂಟೆ ಬಾಗಿಲು ಹಾಕಿರುತ್ತೇನೆ, ಆ ಹೊತ್ತಲ್ಲಿ ನಾನು ಬೆಂಗಳೂರಲ್ಲೇ ಇದ್ದೇನೆ ಅಂತ ತಿಳಿದುಕೊಳ್ಳಿ ಅನ್ನಿ. ನಮ್ಮ ಮನೆಯಲ್ಲಿ ಅತ್ತೆಯೇ ಈಗ ಬಂದವರಿಗೆ «ಅವಳಿಗೆ ಆಫೀಸುಂಟು» ಅನ್ನುತ್ತಾರೆ.

ಸಂಜೆ 7:30ಕ್ಕೆ ಮೀಟಿಂಗ್ ಇದ್ದರೆ ಮಧ್ಯಾಹ್ನ ಅಷ್ಟೇ ಹೊತ್ತು ಬಿಡುವು ತಗೊಳ್ಳಿ. ಕೇಳಿ ತೆಗೆದುಕೊಳ್ಳುವುದಲ್ಲ, ಕ್ಯಾಲೆಂಡರ್‌ನಲ್ಲಿ ಹಾಕಿಬಿಡಿ. ಇಲ್ಲವಾದರೆ ಬೆಳಿಗ್ಗೆ ಪುಣೆಯವರಿಗೆ, ಮಧ್ಯಾಹ್ನ ಬರ್ಲಿನ್‌ಗೆ, ರಾತ್ರಿ ಟೊರಾಂಟೊಗೆ, ಹೀಗೆ ದಿನ ಮುಗಿಯುವುದೇ ಇಲ್ಲ.

ಲೆಕ್ಕದ_ಪುಸ್ತಕ

ನಾನು ಡಿಸೈನರ್ ಅಲ್ಲ, ಆಡಿಟರ್. ಈ ಥರದ ಕೆಲಸ ಮಾಡುವವರ ಲೆಕ್ಕ ನೋಡುತ್ತೇನೆ.

ಕಾಂಟ್ರಾಕ್ಟರ್ ಅಂದರೆ ನೀವು ನೌಕರರಲ್ಲ. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಒಪ್ಪಂದದಲ್ಲಿ ಬರೆಯದಿದ್ದರೆ ಸಂಬಳದ ರಜೆಯೂ ಇಲ್ಲ. ಆರೋಗ್ಯ ವಿಮೆ ನೀವೇ ಮಾಡಿಸಬೇಕು. ಈಗಿನ ಸಂಬಳದ ಜೊತೆ ಹೋಲಿಸುವಾಗ ಇದನ್ನೆಲ್ಲ ಕಳೆದು ಹೋಲಿಸಿ.

ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹೊರದೇಶದವರಿಗೆ ಕೊಡುವ ಸೇವೆ ರಫ್ತು ಅಂತ ಲೆಕ್ಕ, ತೆರಿಗೆ ದರ ಸೊನ್ನೆ. ತೆರಿಗೆ ಕಟ್ಟದೆ ಬಿಲ್ ಮಾಡಲು ಎಲ್‌ಯುಟಿ ಅನ್ನುವ ಪತ್ರವನ್ನು ಪ್ರತಿ ಹಣಕಾಸು ವರ್ಷಕ್ಕೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಅದೇ ಕಂಪನಿ ತನ್ನ ಪುಣೆಯ ಶಾಖಾ ಕಂಪನಿಯ ಹೆಸರಲ್ಲಿ ರೂಪಾಯಿ ಕೊಟ್ಟರೆ ಅದು ರಫ್ತಲ್ಲ. ಯಾರ ಹೆಸರಿಗೆ ಬಿಲ್, ಯಾವ ಹಣದಲ್ಲಿ ಪಾವತಿ, ಮೊದಲೇ ಕೇಳಿ. ದುಡ್ಡು ಬಂದಾಗೆಲ್ಲ ಬ್ಯಾಂಕಿನಿಂದಲೋ ಪಾವತಿ ಸಂಸ್ಥೆಯಿಂದಲೋ ವಿದೇಶದಿಂದ ಹಣ ಬಂದ ದಾಖಲೆ ಪಡೆದು ಇಟ್ಟುಕೊಳ್ಳಿ. ಆಮೇಲೆ ಹುಡುಕುವುದು ಕಷ್ಟ.

ಸಂಬಳದಲ್ಲಿ ಕಂಪನಿಯೇ ತೆರಿಗೆ ಹಿಡಿಯುತ್ತಿತ್ತು. ಇನ್ನು ನೀವೇ ಮುಂಗಡ ತೆರಿಗೆ ಕಟ್ಟಬೇಕು: ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್, ನಾಲ್ಕು ತಿಂಗಳಲ್ಲೂ 15ರೊಳಗೆ. ವೃತ್ತಿಪರರು ಬಂದ ಹಣದಲ್ಲಿ ಅರ್ಧವನ್ನು ಲಾಭ ಅಂತ ತೋರಿಸುವ ಸರಳ ಲೆಕ್ಕವೂ ಇದೆ. ನಿಮ್ಮ ಕೆಲಸ ಅದರ ಗುಂಪಿಗೆ ಬರುತ್ತದಾ ಅನ್ನುವುದನ್ನು ನಿಮ್ಮ ಒಪ್ಪಂದ ಓದಿದ ಆಡಿಟರೇ ಹೇಳಬೇಕು.

ಇನ್ನು ಡಿಸೈನ್ ಯಾರದ್ದು ಅನ್ನುವುದು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ನೌಕರರು ಕೆಲಸದ ಭಾಗವಾಗಿ ಮಾಡಿದ್ದು ಸಾಮಾನ್ಯವಾಗಿ ಕಂಪನಿಯದ್ದು. ಕಾಂಟ್ರಾಕ್ಟರ್ ಮಾಡಿದ್ದು ಬರೆದುಕೊಡುವವರೆಗೆ ಮಾಡಿದವರದ್ದು. ಆದ್ದರಿಂದ ಒಪ್ಪಂದದಲ್ಲಿ «ಎಲ್ಲ ಹಕ್ಕೂ ಕಂಪನಿಗೆ» ಅಂತ ಇದ್ದೇ ಇರುತ್ತದೆ. ಅದಕ್ಕೆ «ಆ ಬಿಲ್ಲಿನ ಹಣ ಪಾವತಿಯಾದ ಮೇಲೆ» ಅಂತ ಸೇರಿಸಲು ಕೇಳಿ. ನ್ಯಾಯವಾದ ಕೋರಿಕೆ ಅದು. ಪುಟ ಜನರ ಮುಂದೆ ಬಂದ ನಂತರ ಪೋರ್ಟ್‌ಫೋಲಿಯೊದಲ್ಲಿ ತೋರಿಸುವ ಅನುಮತಿಯನ್ನೂ ಅಲ್ಲೇ ಬರೆಸಿಕೊಳ್ಳಿ.

ಮೈಸೂರು_ಮಾರ್ಜಿನ್

ಪೋರ್ಟ್‌ಫೋಲಿಯೊ ಮಾತು ಬಂದದ್ದಕ್ಕೆ ಇದೊಂದು. ಕೆಲಸವನ್ನು ಯಾವುದೋ ಟೂಲ್‌ನ ಲಿಂಕ್‌ನಲ್ಲಿ ಮಾತ್ರ ಇಡಬೇಡಿ. ಇನ್‌ವಿಷನ್ ಒಂದು ಕಾಲಕ್ಕೆ ಎಲ್ಲ ಡಿಸೈನರ್‌ಗಳೂ ಬಳಸುತ್ತಿದ್ದದ್ದು. ಅದೂ ಆಫೀಸಿಲ್ಲದ ಕಂಪನಿಯೇ. 2024ರ ಕೊನೆಗೆ ಆ ಸೇವೆ ಮುಚ್ಚಿತು, ಲಿಂಕ್‌ಗಳೂ ಹೋದವು. ಅಡೋಬಿ 2022ರಲ್ಲಿ 20 ಬಿಲಿಯನ್ ಡಾಲರ್‌ಗೆ ಫಿಗ್ಮಾ ಕೊಳ್ಳಲು ಹೊರಟು, ಯೂರೋಪ್ ಮತ್ತು ಬ್ರಿಟನ್‌ನ ನಿಯಂತ್ರಕರು ಒಪ್ಪದೆ 2023ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು. ಟೂಲ್ ಯಾರ ಕೈಗೆ ಹೋಗುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಪಿಡಿಎಫ್ ಮತ್ತು ಚಿತ್ರಗಳು ನಿಮ್ಮ ಹತ್ತಿರ ಇರಲಿ.

ಸ್ಪ್ರೀ_ದಂಡೆ

ನಿಮ್ಮ ಬೆಲೆ ಹೆಚ್ಚಿಸುವ ಒಂದು ವಿಷಯ ಹೇಳಿಬಿಡುತ್ತೇನೆ. ಅಂಗವಿಕಲರಿಗೂ ಬಳಸಲು ಆಗುವಂತಿರಬೇಕು ಅನ್ನುವ ಯೂರೋಪಿಯನ್ ಅಕ್ಸೆಸಿಬಿಲಿಟಿ ಕಾಯ್ದೆ 2025ರ ಜೂನ್ 28ರಿಂದ ಜಾರಿಗೆ ಬಂದಿದೆ. ಆನ್‌ಲೈನ್ ಮಾರಾಟಕ್ಕೂ ಅನ್ವಯ. ತೀರಾ ಚಿಕ್ಕ ಸಂಸ್ಥೆಗಳು ಕೊಡುವ ಸೇವೆಗೆ ವಿನಾಯಿತಿ ಇದೆ. ಅಂಗಡಿ ಪುಟ ಕಟ್ಟುವ ತಂಡಕ್ಕೆ ಇದು ದೊಡ್ಡ ತಲೆನೋವು. ಅಕ್ಸೆಸಿಬಿಲಿಟಿ ಗೊತ್ತಿರುವ ಡಿಸೈನರ್‌ಗೆ ಇಲ್ಲಿ ಒಳ್ಳೆಯ ಬೇಡಿಕೆ ಇದೆ. ವೆಬ್ ಅಕ್ಸೆಸಿಬಿಲಿಟಿಯ ಮಾರ್ಗಸೂಚಿ ಡಬ್ಲ್ಯುಸಿಎಜಿ 2.2 ಓದಿಕೊಳ್ಳಿ. ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಕಾಂಟ್ರಾಸ್ಟ್ ಬೇಕು. ಬಿಳಿಯ ಮೇಲೆ #777777 ಅನ್ನುವ ಬಣ್ಣಸಂಕೇತದ ಬೂದು 4.48, ಪಾಸಾಗುವುದಿಲ್ಲ. #767676 ಪಾಸು. ಕಣ್ಣಿಗೆ ಎರಡೂ ಒಂದೇ. ಇಂಥದ್ದನ್ನು ಟಿಪ್ಪಣಿಯಲ್ಲಿ ಸಂಖ್ಯೆ ಸಮೇತ ಬರೆದರೆ ಯಾರೂ ಮರುಮಾತಾಡುವುದಿಲ್ಲ.

ಫಾಂಟ್ ಬಗ್ಗೆಯೂ. 2022ರ ಜನವರಿಯಲ್ಲಿ ಮ್ಯೂನಿಕ್‌ನ ಕೋರ್ಟ್, ಗೂಗಲ್ ಸರ್ವರ್‌ನಿಂದ ನೇರವಾಗಿ ಫಾಂಟ್ ತರಿಸಿದ ಒಂದು ವೆಬ್‌ಸೈಟಿನವರು ಓದುಗರೊಬ್ಬರಿಗೆ 100 ಯೂರೋ ಪರಿಹಾರ ಕೊಡಬೇಕು ಅಂತ ಹೇಳಿತು. ಓದುಗರ ಐಪಿ ವಿಳಾಸ ಅನುಮತಿಯಿಲ್ಲದೆ ಗೂಗಲ್‌ಗೆ ಹೋಗುತ್ತದೆ ಅನ್ನುವುದು ಕಾರಣ. ಅಲ್ಲಿಂದ ಜರ್ಮನ್ ತಂಡಗಳು ಫಾಂಟ್ ಫೈಲನ್ನು ತಮ್ಮ ಸರ್ವರ್‌ನಲ್ಲೇ ಇಡುತ್ತವೆ. ನಿಮ್ಮವರೂ ಕೇಳುತ್ತಾರೆ.

ಒತ್ತಕ್ಷರ

ಕನ್ನಡದಲ್ಲೂ ಕೊಡುತ್ತಾರಂತೆ ಅಂದಿರಲ್ಲ, ಅದಕ್ಕೇ ಬಂದೆ. ಇಡೀ ತಂಡದಲ್ಲಿ ಕನ್ನಡ ಓದುವವರು ನೀವೊಬ್ಬರೇ ಆಗಿರುತ್ತೀರಿ. ಕನ್ನಡ ಪುಟ ಚೆನ್ನಾಗಿ ಬರುತ್ತದಾ ಇಲ್ಲವಾ ಅನ್ನುವುದು ಪೂರ್ತಿ ನಿಮ್ಮ ಟಿಪ್ಪಣಿಗಳ ಮೇಲೆ ನಿಂತಿರುತ್ತದೆ. ಬೇರೆ ಯಾರಿಗೂ ಅಕ್ಷರ ಕತ್ತರಿಸಿ ಹೋದದ್ದು ಕಾಣುವುದೇ ಇಲ್ಲ, ಅವರಿಗೆ ಎಲ್ಲ ದುಂಡು ದುಂಡಾಗಿ ಚಂದವೇ.

ಲೈನ್ ಹೈಟ್, ಅಂದರೆ ಸಾಲಿನ ಎತ್ತರ, ಮೊದಲು. ಇಂಗ್ಲಿಷ್ ಹೆಡಿಂಗ್‌ಗೆ ಅಕ್ಷರದ ಸೈಜಿನ 1.2 ಪಟ್ಟು ಹಾಕಿರುತ್ತಾರೆ. ಅಲ್ಲಿ «ರಾಷ್ಟ್ರೀಯ», «ವಸ್ತ್ರ», «ಲಕ್ಷ್ಮಿ» ಹಾಕಿ ನೋಡಿ. ಕೆಳಗಿನ ಒತ್ತು ಮುಂದಿನ ಸಾಲಿಗೆ ತಾಗುತ್ತದೆ. ಪುಟದ ಕಾರ್ಡ್ ಚೌಕಕ್ಕೆ ಓವರ್‌ಫ್ಲೋ ಹಿಡನ್ (ಅಂಚು ಮೀರಿದ್ದನ್ನು ಮರೆಮಾಡು) ಇದ್ದರೆ ಕೊನೆಯ ಸಾಲಿನ ಒತ್ತಕ್ಷರವೇ ಮಾಯ. ಓದುವ ಪಠ್ಯಕ್ಕೆ 1.7ರ ಸುತ್ತಮುತ್ತ ನಾನು ಇಡುತ್ತೇನೆ. ಬಟನ್ನಿಗೆ ಇಷ್ಟೇ ಎತ್ತರ ಅಂತ ನಿಗದಿ ಮಾಡದೆ ಒಳಗಿನ ಪ್ಯಾಡಿಂಗ್‌ನಿಂದ (ಪಠ್ಯದ ಸುತ್ತ ಬಿಡುವ ಜಾಗ) ಎತ್ತರ ಬರುವ ಹಾಗೆ ಮಾಡಿಸಿ.

ಲೆಟರ್ ಸ್ಪೇಸಿಂಗ್ ಕನ್ನಡಕ್ಕೆ ಸೊನ್ನೆ. ಇಂಗ್ಲಿಷ್‌ನಲ್ಲಿ ಚಿಕ್ಕ ಲೇಬಲ್‌ಗಳನ್ನು ಕ್ಯಾಪಿಟಲ್ ಮಾಡಿ ಅಕ್ಷರ ಬಿಡಿಸಿಡುತ್ತಾರೆ. ನಮ್ಮಲ್ಲಿ ಕ್ಯಾಪಿಟಲ್ಲೇ ಇಲ್ಲ, ಬಿಡಿಸಿದರೆ ಪದ ಹರಿದು ಹೋಗುತ್ತದೆ. ಆ ಲೇಬಲ್ ಬೇರೆಯಾಗಿ ಕಾಣಲು ಬಣ್ಣವೋ ದಪ್ಪವೋ ಬಳಸಿ. ಓರೆ ಅಕ್ಷರವೂ ಬೇಡ. ಕನ್ನಡ ಫಾಂಟಿನಲ್ಲಿ ಓರೆ ರೂಪ ಇಲ್ಲದಿದ್ದರೆ ಬ್ರೌಸರ್ ಬಲವಂತವಾಗಿ ವಾಲಿಸುತ್ತದೆ.

ಡೆವಲಪರ್‌ಗಳಿಗೆ ಮುಖ್ಯವಾಗಿ ಹೇಳಬೇಕಾದದ್ದು: ಉದ್ದ ಹೆಸರನ್ನು «20 ಅಕ್ಷರಕ್ಕೆ ಕತ್ತರಿಸು» ಅಂತ ಕೋಡ್ ಬರೆಯಬೇಡಿ ಅಂತ. ಕಂಪ್ಯೂಟರ್‌ಗೆ «ಕ್ಷ» ಒಂದು ಅಕ್ಷರ ಅಲ್ಲ. ಕ, ವಿರಾಮ (್ ಚಿಹ್ನೆ), ಷ ಮೂರು ಸಂಕೇತ. ಮಧ್ಯದಲ್ಲಿ ಕತ್ತರಿ ಬಿದ್ದರೆ «ಕ್» ಅಂತ ನಿಲ್ಲುತ್ತದೆ. ಇಷ್ಟು ಸಾಲು ಆದಮೇಲೆ ನಿಲ್ಲಿಸು ಅಂತ ಪುಟದ ರೂಪ ನೋಡಿಕೊಳ್ಳುವ ಸಿಎಸ್‌ಎಸ್‌ಗೇ ಬಿಡಲಿ.

ಮತ್ತೆ ಅಂಗಡಿಯವರು ಕೊಡುವ ಹಳೆಯ ಕನ್ನಡ ಪಟ್ಟಿಗಳು ನುಡಿ, ಬರಹ ಸಾಫ್ಟ್‌ವೇರ್‌ಗಳ ಹಳೆಯ ಎನ್‌ಕೋಡಿಂಗ್‌ನಲ್ಲಿ ಇರಬಹುದು. ವೆಬ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಆದರೆ ಆಮೇಲೆ ಒಮ್ಮೆ ಕಣ್ಣಲ್ಲಿ ಓದಲೇಬೇಕು. ಆ ಕೆಲಸಕ್ಕೂ ಸಮಯ ಕೇಳಿಟ್ಟುಕೊಳ್ಳಿ. ಕನ್ನಡ ಬಲ್ಲವರು ಅಂತ ಅದನ್ನು ಪುಕ್ಕಟೆಯಾಗಿ ನಿಮ್ಮ ಮೇಲೆ ಹಾಕುವುದು ಬೇಡ.

ಸಾಗರದವಳು

ಎಲ್ಲರ ಮಾತನ್ನೂ ಬರೆದಿಟ್ಟುಕೊಂಡು ಅವರ ಜೊತೆ ಮಾತಾಡಿದೆ.

ದಿನಕ್ಕೆ ಎರಡು ಗಂಟೆ ಒಟ್ಟಿಗಿದ್ದರೆ ಸಾಕು ಅಂದರು. ಎಲ್ಲರೂ ಸೇರುವ ಮೀಟಿಂಗ್ ಮಂಗಳವಾರ ಮತ್ತು ಗುರುವಾರ ಮಾತ್ರ, ಭಾರತದ ಸಮಯ ಸಂಜೆ 6:30ಕ್ಕೆ ಕಟ್ಟಿಕೊಡಲು ಒಪ್ಪಿದರು. ಚಳಿಗಾಲದಲ್ಲಿ ಟೊರಾಂಟೊದವರೇ ಒಂದು ಗಂಟೆ ಮುಂಚೆ ಬರುತ್ತಾರಂತೆ. ಹಳೆಯ ನಿರ್ಧಾರದ ಬರಹ ಕೇಳಿದಾಗ ಮೂರು ಕೊಟ್ಟರು. ಒಂದರಲ್ಲಿ ಪುಣೆಯ ಡೆವಲಪರ್ ಒಬ್ಬರು ಪ್ರಾಡಕ್ಟ್‌ನವರ ಮಾತನ್ನು ಒಪ್ಪದೆ ಬರೆದು, ಕೊನೆಗೆ ಅವರ ಮಾತೇ ನಿಂತಿತ್ತು. ಅದನ್ನು ಓದಿ ನನಗೆ ಧೈರ್ಯ ಬಂತು. «ಹಣ ಪಾವತಿಯಾದ ಮೇಲೆ ಹಕ್ಕು» ಅನ್ನುವುದನ್ನೂ ಸೇರಿಸಿದರು. ಸಂಬಳದ ರಜೆ ಇನ್ನೂ ಮಾತುಕತೆಯಲ್ಲಿದೆ. ಅದು ಬರಹದಲ್ಲಿ ಬಂದರೆ ಸಹಿ ಮಾಡುತ್ತೇನೆ.

ಮೊದಲು ಒಂದು ವಾರ ಅವರು ದುಡ್ಡು ಕೊಟ್ಟು ಮಾಡಿಸುವ ಪರೀಕ್ಷೆ ಕೆಲಸ ಇದೆ: ಒಂದು ಬಟ್ಟೆ ಅಂಗಡಿಯ ಕನ್ನಡ ಪುಟ. ಒತ್ತಕ್ಷರ ಅವರೇ, ಒಂದೇ ಪ್ರಶ್ನೆ. ಹೆಡಿಂಗ್‌ಗೆ ಯಾವ ಫಾಂಟ್ ಹಾಕಲಿ? ತೆಳುವಿನಿಂದ ದಪ್ಪದವರೆಗೆ ಹಲವು ತೂಕಗಳ ಆಯ್ಕೆ ಬೇಕು, ಫೈಲ್ ಅವರ ಸರ್ವರ್‌ನಲ್ಲೇ ಇಡುತ್ತಾರೆ.

ಒತ್ತಕ್ಷರ

ಏಕ್ ಟೈಪ್ ಅನ್ನುವ ಫಾಂಟ್ ತಂಡದವರ «ಅನೇಕ್ ಕನ್ನಡ» ಫಾಂಟ್ ನೋಡಿ. ವೇರಿಯಬಲ್ ಫಾಂಟ್ ಆದ್ದರಿಂದ ಒಂದೇ ಫೈಲ್‌ನಲ್ಲಿ ತೂಕ, ಅಗಲ ಎರಡೂ ಬದಲಿಸಬಹುದು. ಅದೇ ಕುಟುಂಬದಲ್ಲಿ ಲ್ಯಾಟಿನ್, ತಮಿಳು, ತೆಲುಗು, ಮಲಯಾಳಂ, ದೇವನಾಗರಿ ಎಲ್ಲ ಇವೆ, ಮುಂದೆ ಬೇರೆ ಭಾಷೆ ಸೇರಿಸುವಾಗ ಹೊಂದುತ್ತದೆ. ಮುಕ್ತ ಲೈಸೆನ್ಸ್, ಸ್ವಂತ ಸರ್ವರ್‌ನಲ್ಲಿ ಇಡಲು ಅಡ್ಡಿಯಿಲ್ಲ. ಓದುವ ಪಠ್ಯಕ್ಕೆ ನೋಟೊ ಸಾನ್ಸ್ ಕನ್ನಡ ಇರಲಿ.

ಅತಿ ದಪ್ಪ ತೂಕದಲ್ಲಿ ಒತ್ತಿನ ಒಳಗಿನ ಬಿಳಿ ಜಾಗ ಚಿಕ್ಕ ಸೈಜಿಗೆ ಮುಚ್ಚಿಹೋಗುತ್ತದೆ. ಹಾಗಾಗಿ ಫೋನಿನಲ್ಲಿ ಒಂದು ಹಂತ ತೆಳು ತೂಕ ಕೊಡಿ. «ವಸ್ತ್ರ», «ರೇಷ್ಮೆ», «ಇಳಕಲ್ ಸೀರೆ», «ಹೆಚ್ಚಿನ ಬಣ್ಣಗಳು», ಈ ನಾಲ್ಕನ್ನು 360 ಪಿಕ್ಸೆಲ್ ಅಗಲದಲ್ಲಿ ಹಾಕಿ ಸ್ಕ್ರೀನ್‌ಶಾಟ್ ಇಲ್ಲಿ ಕಳಿಸಿ, ನೋಡಿ ಹೇಳುತ್ತೇನೆ.